ಗಿರಿಜಮ್ಮನ ಅತ್ತಿಗೆ

ಅವ್ವನೂ ನಾನೂ ಹಜಾರದಲ್ಲಿ ಎದುರುಬದುರು ಕೂತು ಮಡಿಲಕ್ಕಿಗೆ ಅಕ್ಕಿ ಆರಿಸುತ್ತಿದ್ದೆವು. ಇಡೀ ಕಾಳು ಮೊರದ ಒಂದು ಕಡೆ, ನುಚ್ಚು ಇನ್ನೊಂದು ಕಡೆ. ದೇವಿಯ ಮಡಿಲಿಗೆ ನುಚ್ಚು ಬೀಳಬಾರದು. ರೇಷ್ಮೆ ಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ ಬಂದು ಕೂತವರು ನಾವು. ಬಿಸಿಲು ಹೊಸಲು ದಾಟಿ ಅವ್ವನ ಪಾದದ ಹತ್ತಿರ ಬರುವವರೆಗೂ ಇಬ್ಬರೂ ಒಂದು ಮಾತಾಡಿರಲಿಲ್ಲ. ಹೊರಗೆ ಜಗಲಿಯ ಮೇಲೆ ಅಣ್ಣ ಶೂ ಪಾಲಿಶ್ ಮಾಡಿಕೊಳ್ಳುತ್ತಿದ್ದ. ಅವನೂ ಮಾತಾಡಿರಲಿಲ್ಲ. ಅಪ್ಪ ಕೊಟ್ಟಿಗೆಯಲ್ಲಿದ್ದ. ಅಲ್ಲಿಂದ ಹಸುವಿನ ಕೊರಳ ಗಂಟೆ ಮಾತ್ರ ಕೇಳುತ್ತಿತ್ತು.

ಮೊರ ಮುಗಿದಾಗ ಅವ್ವ ಸೊಂಟ ನೆಟ್ಟಗೆ ಮಾಡಿಕೊಂಡು, "ಆರ್ಸಿದ್ದೇನೋ ಆಯ್ತು. ತುಂಬೋರ್ಯಾರು?" ಅಂದಳು.

ಕೇಳಿದ್ದು ನನ್ನನ್ನಲ್ಲ. ಹೊರಗೆ ಬ್ರಷ್ಷಿನ ಸದ್ದು ನಿಂತಿತು. ಆಮೇಲೆ ಅಣ್ಣ, "ಕಂಪ್ನಿ ಬಸ್ಸು ಬರೋ ಹೊತ್ತಾಯ್ತು," ಅಂದವನೇ ಎದ್ದು ಹೋದ. ಬಿಡದಿಗೆ ಹೋಗುವ ಆ ಬಸ್ಸು ಬರಲು ಇನ್ನೂ ಬೇಕಾದಷ್ಟು ಹೊತ್ತಿತ್ತು. ಪಕ್ಕದೂರು ಕಲ್ಯದ ಕಡೆಯ ತಿರುವಿನಲ್ಲಿ ಅವನು ಒಬ್ಬನೇ ನಿಂತು ಫೋನು ತೆಗೆಯುವುದು, ಮತ್ತೆ ಜೇಬಿಗೆ ಹಾಕಿಕೊಳ್ಳುವುದು ನಮ್ಮ ಹಿತ್ತಲಿನಿಂದ ಕಾಣುತ್ತಿತ್ತು.

ನಮ್ಮೂರಿನಲ್ಲಿ ಕಾರ್ತಿಕದ ಕಡೆಯ ಸೋಮವಾರ ಗಿರಿಜಾ ಕಲ್ಯಾಣ ನಡೆಯುತ್ತದೆ. ಅವತ್ತೊಂದು ದಿನ ಊರು ಎರಡು ಪಾಲಾಗುತ್ತದೆ. ಈಶ್ವರನ ಗುಡಿಯಿರುವ ಮೇಲಿನ ಬೀದಿಯವರು ಗಂಡಿನ ಕಡೆ. ಕೆಳಗಿನ ಬೀದಿಯವರಾದ ನಾವು ಹೆಣ್ಣಿನ ಕಡೆ. ಹಿಂದಿನ ದಿನ ಸಂಜೆ ಗಿರಿಜಮ್ಮನ ಉತ್ಸವಮೂರ್ತಿ ಗುಡಿಯಿಂದ ಇಳಿದು ನಮ್ಮ ಬೀದಿಯ ಒಂದು ಮನೆಗೆ ಬರುತ್ತದೆ. ಆ ವರ್ಷಕ್ಕೆ ಅದೇ ಅವಳ ತವರು. ಆ ಮನೆಯ ಗಂಡ ಹೆಂಡತಿ ಧಾರೆ ಎರೆಯಬೇಕು, ಮದುವೆಯಾಗದ ಮಗಳು ಕಳಸ ಹಿಡಿಯಬೇಕು. ಎಲ್ಲಕ್ಕಿಂತ ಮುಖ್ಯ ಮನೆಯ ಸೊಸೆ. ದೇವಿ ಆ ಮನೆಯ ಮಗಳಾದ ಮೇಲೆ ಸೊಸೆ ಅವಳಿಗೆ ಅತ್ತಿಗೆಯಾದಳಲ್ಲ. ಹೊಸಲಲ್ಲಿ ಇಳಿಸಿಕೊಳ್ಳುವವಳು ಅವಳು, ಸೀರೆ ಉಡಿಸುವವಳು ಅವಳು, ಮಡಿಲು ತುಂಬುವವಳು ಅವಳು. ಗಂಡಿನ ಕಡೆಯವರು ಕರೆಯಲು ಬಂದಾಗ ಬಾಗಿಲಿಗೆ ಅಡ್ಡ ನಿಂತು ಜಗಳ ಆಡುವವಳೂ ಅವಳೇ. ಸೊಸೆಯಿಲ್ಲದಿದ್ದರೆ ಸರದಿ ಪಕ್ಕದ ಮನೆಗೆ ಹೋಗುತ್ತದೆ. ನಮ್ಮ ಮನೆಗೆ ಸರದಿ ಬಂದು ಎಷ್ಟು ಕಾಲವಾಗಿತ್ತೆಂದರೆ, ಹಿಂದಿನ ಸಲ ಬಾಗಿಲಿಗೆ ಅಡ್ಡ ನಿಂತ ಸೊಸೆ ನಮ್ಮವ್ವ.

ಇನ್ನೂ ಕಟ್ಟಳೆಗಳಿವೆ. ಬೀಗರು, ಅಂದರೆ ಗಂಡಿನ ಕಡೆಯವರು, ತಾವಾಗಿ ನಮ್ಮ ಹೊಸಲು ದಾಟುವಂತಿಲ್ಲ. ಮದುವೆಯೆಲ್ಲ ಮುಗಿದು ಸಂಜೆ ಸೊಸೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಕರೆಯಬೇಕು, ಒಳಗೆ ಕೂರಿಸಿ ತಾಂಬೂಲ ಕೊಡಬೇಕು. ಆಗ ಊರು ಮತ್ತೆ ಒಂದಾಗುವುದು. ಇನ್ನೊಂದು, ಹೆಣ್ಣಿನ ಕಡೆಯವನು ಬಾಯಿತಪ್ಪಿ ಗಂಡಿನ ಪರ ಮಾತಾಡಿದರೆ ಅವತ್ತಿಗೆ ಅವನೂ ಬೀಗ. ದಾಸಪ್ಪ ಅನ್ನುವವರೊಬ್ಬರು ಹಿಂದೊಮ್ಮೆ ತಮ್ಮ ಮನೆಯ ಸರದಿಯಲ್ಲೇ, "ಪಾಪ, ಗಂಡಿನ ಕಡೆಯೋರು ಹಸ್ಕೊಂಡವ್ರೆ," ಅಂದುಬಿಟ್ಟರಂತೆ. ಸಂಜೆ ಸೊಸೆ ಅವರನ್ನು ಕರೆಯಲು ಮರೆತು ಮಲಗಿದಳಂತೆ. ಸ್ವಂತ ಮನೆಗೆ ಹೋಗಲಾರದೆ ದಾಸಪ್ಪ ಗುಡಿಯ ಮಂಟಪದಲ್ಲಿ ಕಲ್ಲಿನ ಮೇಲೆ ತಲೆಯಿಟ್ಟು ಮಲಗಿದರಂತೆ. ಆ ಕಲ್ಲನ್ನು ಈಗಲೂ ತೋರಿಸುತ್ತಾರೆ.

ನಮ್ಮ ಮನೆಯ ಸೊಸೆ ನನ್ನ ಅತ್ತಿಗೆ ಚೈತ್ರಾ. ಗೌರಿ ಹಬ್ಬಕ್ಕೆ ಚನ್ನಪಟ್ಟಣದ ತವರಿಗೆ ಹೋದವಳು ವಾಪಸು ಬಂದಿರಲಿಲ್ಲ. ದೊಡ್ಡ ಜಗಳವೇನೂ ಅಲ್ಲ. ಹಬ್ಬ ಕಳೆದ ಮೇಲೆ ಅಣ್ಣ ಬೈಕಿನಲ್ಲಿ ಹೋಗಿ ಕರೆತರಬೇಕಾಗಿತ್ತು. ಅವತ್ತು ಕಂಪನಿಯಲ್ಲಿ ಓಟಿ ಬಿತ್ತು. ಫೋನ್ ಮಾಡಿ, "ಬಸ್ಸಿಗೆ ಬಂದ್ಬುಡು," ಅಂದ. ಬಾಗಿನದ ಮೊರ ಹೊತ್ತುಕೊಂಡು ಒಬ್ಬಳೇ ಬಸ್ಸಿಳಿದು ಬೀದಿಯುದ್ದ ನಡೆದು ಬಂದರೆ ನೋಡಿದವರು ಏನಂದಾರು ಅಂತ ಅವಳು. ಬಸ್ಸಿಗೆ ಬಂದರೆ ಸವೆದುಹೋಗುತ್ತಾಳಾ ಅಂತ ಇವನು. ಮಾರನೆಯ ವಾರ ರಜ ಇತ್ತು, ಆದರೂ ಹೋಗಲಿಲ್ಲ. ಕರೆಯಲು ಬಂದರೆ ಬರುತ್ತೇನೆ ಅಂತ ಅಲ್ಲಿಂದ, ಹೋದವಳಿಗೆ ಬರುವ ದಾರಿ ಗೊತ್ತಿಲ್ಲವಾ ಅಂತ ಇಲ್ಲಿಂದ. ದಸರಾ ಹೋಯಿತು. ದೀಪಾವಳಿಯೂ ಹೋಯಿತು. ಅಪ್ಪ ಒಂದು ದಿನ ಅಂಗಿ ಹಾಕಿಕೊಂಡು, "ನಾನೇ ಹೋಗಿ ಕರ್ಕೊಂಡ್ ಬರ್ಲಾ?" ಅಂದ. ಅವ್ವ, "ಕಟ್ಕೊಂಡೋನು ಕರೀಬೇಕು. ನೀನ್ ಹೋದ್ರೆ ಮಾವ ಬಂದ ಅಂತ ಕಾಫಿ ಕೊಟ್ಟು ಕಳುಸ್ತಾರೆ," ಅಂದಳು. ಅಪ್ಪ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ನನಗೆ ಅತ್ತಿಗೆ ಬೇಕಾಗಿತ್ತು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಹುಳುಮನೆ ಸೇರಿದ ಮೇಲೆ ಸೊಪ್ಪು ಹಾಕಿದೆಯಾ, ನೀರು ಹಿಡಿದೆಯಾ ಅನ್ನುವುದು ಬಿಟ್ಟು ಬೇರೆ ಮಾತು ನನ್ನ ಹತ್ತಿರ ಆಡಿದವಳು ಅವಳೊಬ್ಬಳೇ. ಅವಳು ಎಲ್ಲರ ಹತ್ತಿರವೂ ಮಾತಾಡುತ್ತಿದ್ದಳು. ತಟ್ಟೆಯಲ್ಲಿ ಪೊರೆ ಬಿಡುವ ಜ್ವರಕ್ಕೆ ಕೂತು ಸೊಪ್ಪು ಮುಟ್ಟದ ಹುಳುಗಳನ್ನೂ ಬಗ್ಗಿ ನೋಡಿ, "ಯಾಕ್ರಮ್ಮ, ಊಟ ಸೇರಾಕಿಲ್ವಾ?" ಅಂತ ಕೇಳುತ್ತಿದ್ದಳು. ಅವಳು ಹೋದ ಮೇಲೆ ನಮ್ಮ ಮನೆ ಮೊದಲಿನಂತಾಯಿತು. ಮೊದಲು ನನಗೆ ಅದು ಗೊತ್ತಾಗುತ್ತಿರಲಿಲ್ಲ.

ಶುಕ್ರವಾರ ಪಕ್ಕದ ಮನೆ ಕಾವೇರಮ್ಮ ಮಜ್ಜಿಗೆ ಕೇಳುವ ನೆಪದಲ್ಲಿ ಬಂದರು. "ಚಿಕ್ಕಲಕ್ಷ್ಮಮ್ಮ, ನಿಮ್ಗೇನಾರ ತೊಂದ್ರೆ ಇದ್ರೆ ಯೋಳ್ಬುಡು. ಗಿರ್ಜಮ್ಮನ್ನ ನಾವ್ ಇಳಿಸ್ಕತ್ತೀವಿ. ನನ್ ಸೊಸೆ ಸೀರೆನೂ ತಂದಿಟ್ಟವ್ಳೆ," ಅಂದರು. ಅವ್ವ ಮಜ್ಜಿಗೆ ಕೊಟ್ಟು ಕಳಿಸಿ, ಸೀದಾ ನನ್ನ ಹತ್ತಿರ ಬಂದು, "ಫೋನ್ ಹಚ್ಚು," ಅಂದಳು. ಯಾರಿಗೆ ಅಂತ ಹೇಳಲಿಲ್ಲ. ನಾನು ಅತ್ತಿಗೆಗೆ ಹಚ್ಚಿ ಸ್ಪೀಕರ್ ಒತ್ತಿ ಕೊಟ್ಟೆ.

"ನಾನ್ ಕಣವ್ವ."

"ಯೋಳಿ ಅತ್ತೆ."

"ಈ ಸಲ ಗಿರ್ಜಮ್ಮ ನಮ್ಮನೀಗೆ ಬತ್ತಾವ್ಳೆ."

"ಗೊತ್ತು."

"ನೀನಿಲ್ದಿದ್ರೆ ಕಾವೇರಮ್ಮನ ಮನೀಗೆ ಹೋಯ್ತಾಳೆ."

ಆ ಕಡೆ ಬಳೆಯ ಸದ್ದು. ಆಮೇಲೆ, "ಅವ್ರು ಜಾರೋ ಸೀರೆ ತಂದಿರ್ತಾರೆ ಅತ್ತೆ. ಗಿರ್ಜಮ್ಮಂಗೆ ನೆರಿಗೆನೇ ನಿಲ್ಲಾಕಿಲ್ಲ."

"ಅದು ಅವಳ ಹಣೇಬರ. ನಾವೇನ್ ಮಾಡಾನ?"

"ಬತ್ತೀನಿ ಬುಡಿ. ದೇವ್ರ ಕೆಲ್ಸಕ್ಕೆ ಬತ್ತೀನಿ. ಮನೆಗಲ್ಲ."

ಅವ್ವ ಫೋನನ್ನು ನನ್ನ ಕೈಗೆ ಕೊಟ್ಟು ಒಲೆಯ ಮುಂದೆ ಹೋಗಿ ಕೂತಳು. ಬೆನ್ನು ನನ್ನ ಕಡೆಗಿತ್ತು. ಆದರೂ ಅವಳು ನಗುತ್ತಿದ್ದಾಳೆ ಅಂತ ಗೊತ್ತಾಯಿತು. ಬೆನ್ನು ಸಡಿಲವಾಗಿತ್ತು.

ಭಾನುವಾರ ಮಧ್ಯಾಹ್ನ ಓವೈಸನ ಆಟೋ ನಮ್ಮ ಮನೆಯ ಮುಂದೆ ನಿಂತಿತು. ಅವನು ಮಾಗಡಿ ಬಸ್ ಸ್ಟ್ಯಾಂಡಿನಿಂದ ನಮ್ಮೂರ ಕಡೆಗೆ ಓಡಿಸುವವನು, ಎಲ್ಲರಿಗೂ ಗೊತ್ತು. ಅತ್ತಿಗೆ ಇಳಿದಳು. ಕೈಯಲ್ಲಿ ಒಂದೇ ಒಂದು ಚೀಲ. ಹೋಗುವಾಗ ಎರಡು ಬ್ಯಾಗು ತೆಗೆದುಕೊಂಡು ಹೋಗಿದ್ದಳು. ಮೇಲಿನ ಬೀದಿಯ ಮಾರಕ್ಕ ಹಾದುಹೋಗುತ್ತಿದ್ದವರು ನಿಂತರು. ಅವರಿಗೆ ವಯಸ್ಸು ಎಂಬತ್ತರ ಹತ್ತಿರ, ನಾಲಿಗೆಗೆ ಇಪ್ಪತ್ತು.

"ಏನ್ಲಾ ಓವೈಸು, ಹೆಣ್ಣಿನ ಕಡೆಯೋರ್ನ ತುಂಬ್ಕೊಂಡ್ ಬಂದಿದ್ಯಾ. ನೀನ್ ಯಾವ್ ಕಡೆ?"

"ನಾನ್ ಬಾಡ್ಗೆ ಕಡೆ ಮಾರಕ್ಕ. ಯಾರ್ ಕರುದ್ರೆ ಅವ್ರ್ ಕಡೆ."

ಅತ್ತಿಗೆ ಜೋರಾಗಿ, ಬೀದಿಗೆಲ್ಲ ಕೇಳುವ ಹಾಗೆ, "ಅಣ್ಣ, ನಾಳೆ ಸಂಜೆ ದೀಪ ಹಚ್ಚೋ ಹೊತ್ಗೆ ಬಂದ್ಬುಡಿ. ನನ್ನ ಬಸ್ ಸ್ಟ್ಯಾಂಡಿಗೆ ಬಿಡ್ಬೇಕು," ಅಂದಳು. ಅವ್ವ ಬಾಗಿಲಲ್ಲಿ ನಿಂತಿದ್ದವಳು ಕೇಳಿಸದವಳಂತೆ, "ಕಾಲ್ ತೊಳ್ಕೊ ಬಾವ್ವ," ಅಂದಳು. ಅಣ್ಣ ಮನೆಯಲ್ಲಿರಲಿಲ್ಲ. ಶಾಮಿಯಾನ ಕಟ್ಟಲು ಗುಡಿಗೆ ಹೋಗಿದ್ದ. ಅವತ್ತು ಅವನು ಊಟಕ್ಕೂ ಗುಡಿ ಬಿಟ್ಟು ಬರಲಿಲ್ಲ.

ಸಂಜೆ ವಾದ್ಯದೊಂದಿಗೆ ಗಿರಿಜಮ್ಮ ಬಂದಳು. ಮೊಳದಷ್ಟು ಎತ್ತರದ ಪಂಚಲೋಹದ ಮೂರ್ತಿ, ಮೂಗಿನ ತುದಿ ಸವೆದು ನುಣ್ಣಗಾಗಿದೆ. ಅತ್ತಿಗೆ ಹೊಸಲಲ್ಲಿ ಕಾಲಿಗೆ ನೀರು ಹಾಕಿ, ಆರತಿ ಎತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ಒಳಗೆ ತಂದಳು. ನಡುಮನೆಯಲ್ಲಿ ಕೂರಿಸಿ ಸೀರೆ ಉಡಿಸಲು ಕೂತೆವು. ಅವಳು ಚನ್ನಪಟ್ಟಣದಲ್ಲಿ ಮದುವೆಗೆ ಮುಂಚೆ ಗೊಂಬೆಗಳಿಗೆ ಬಣ್ಣ ಹಚ್ಚುವ ಕೆಲಸ ಮಾಡುತ್ತಿದ್ದವಳು. ಸಣ್ಣ ಮೈಗೆ ದೊಡ್ಡ ಸೀರೆ ಹೇಗೆ ಮಡಿಸಬೇಕು ಅಂತ ಅವಳ ಬೆರಳಿಗೇ ಗೊತ್ತಿತ್ತು. ನಾನು ಪಿನ್ನು ಕೊಡುತ್ತಾ ಹೋದೆ.

"ಧನು, ಒಂದ್ ಮಾತ್ ಕೇಳ್ಲಾ? ನಿಮ್ ಮನೇಲಿ ಮಾತಾಡುದ್ರೆ ಕರೆಂಟ್ ಬಿಲ್ ಜಾಸ್ತಿ ಬತ್ತದಾ?"

ನನಗೆ ನಗು ಬಂತು.

"ನಗ್ಬೇಡ. ನಿಮ್ಮಣ್ಣ ಶಿಫ್ಟಿಂದ ಬತ್ತಾರೆ, ಉಣ್ತಾರೆ, ಮಲಗ್ತಾರೆ. ಸಾರು ಚೆನ್ನಾಗಿಲ್ಲ ಅಂತ ಬೈಯಾಕಾದ್ರೂ ಬಾಯ್ಬುಡ್ಬೇಕಲ್ಲ! ಮಾವ ಹಸಿನ ಜೊತೆ ಆಡೋ ಮಾತು ಮನುಷ್ಯರ ಜೊತೆ ಆಡಾಕಿಲ್ಲ. ನೀನಂತೂ ಬುಡು." ನೆರಿಗೆಯನ್ನು ಒಂದೊಂದಾಗಿ ಒತ್ತಿದಳು. "ಚನ್ನಪಟ್ಣಕ್ಕೆ ಹೋಗ್ ಕೂತ್ಕೊಂಡೆನಲ್ಲ, ಬಸ್ಸಿಗ್ ಬಾ ಅಂದ್ರು ಅಂತ ಅಲ್ಲ. ಬಾ ಅಂತ ಒಂದ್ ಸಲ ಬಾಯ್ತುಂಬ ಅಂದ್ರೆ ನಡ್ಕೊಂಡಾದ್ರೂ ಬತ್ತಿದ್ದೆ. ಅಲ್ವೇನಮ್ಮಾ?"

ಕಡೆಯ ಮಾತು ಕೇಳಿದ್ದು ಗಿರಿಜಮ್ಮನನ್ನು. ಆಮೇಲೆ ದೇವಿಯ ಹಣೆಗೆ ಕುಂಕುಮವಿಟ್ಟು, ಸ್ವಲ್ಪ ದೂರ ಸರಿದು, ಕಣ್ಣು ಕಿರಿದು ಮಾಡಿ ನೋಡಿದಳು. "ಚೆನ್ನಾಗ್ ಕಾಣ್ತಾಳೆ ಅಲ್ವಾ? ನಮ್ಮನೆ ಹೆಣ್ಣು," ಅಂದಳು. ನಮ್ಮನೆ ಅಂದಳು. ಅಂದವಳಿಗೆ ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಬೀಗರು ಬಂದರು. ಮುಂದೆ ತಮಟೆ, ವಾಲಗ. ಹಿಂದೆ ಹೆಗಲ ಮೇಲೆ ಹೊತ್ತ ಅಡ್ಡೆಯಲ್ಲಿ ರೇಷ್ಮೆ ಪಂಚೆಯುಟ್ಟ ಈಶ್ವರ. ಅವರ ಮುಖಂಡರು ರಾಮಲಿಂಗಯ್ಯ, ಹೆಗಲಿಗೆ ಹಳದಿ ಶಲ್ಯ. ಗಂಡಿನ ಕಡೆಯ ಗಂಡಸರೆಲ್ಲರಿಗೂ ಅಂಥದೇ ಶಲ್ಯ. ಅಂಗಳ ತುಂಬಿಹೋಯಿತು. ನಾನು ಕಳಸ ಹಿಡಿದು ಗಿರಿಜಮ್ಮನ ಪಕ್ಕದಲ್ಲಿ ಒಳಗೆ ನಿಂತಿದ್ದೆ. ಕಳಸಗಿತ್ತಿ ಧಾರೆ ಮುಗಿಯುವ ತನಕ ಮಾತಾಡಬಾರದು. "ಇವಳಿಗೆ ಕಳಸ ಕೊಡದಿದ್ರೂ ಒಂದೇ," ಅಂತ ಕಾವೇರಮ್ಮ ಅಂದರು, ಎಲ್ಲರೂ ನಕ್ಕರು. ಅಣ್ಣ ನಮ್ಮ ಕಡೆಯವನಾದ್ದರಿಂದ ಜಗಲಿಯ ಮೇಲೆ, ಕಂಬಕ್ಕೆ ಒರಗಿದ್ದ. ಗಡ್ಡ ಬೋಳಿಸಿಕೊಂಡಿದ್ದ, ಮದುವೆಯ ವರ್ಷ ಅತ್ತಿಗೆ ಕೊಡಿಸಿದ್ದ ನೀಲಿ ಷರಟು ಹಾಕಿದ್ದ. ಅವಳು ಅದನ್ನು ನೋಡಿದ್ದಳು. ನೋಡಿಲ್ಲದವಳಂತೆ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು.

"ಯಾರು ನೀವು? ಯಾವೂರು? ಏನ್ ಬೇಕಾಗಿತ್ತು?"

"ಕೈಲಾಸದೋರವ್ವ," ಅಂದರು ರಾಮಲಿಂಗಯ್ಯ. "ನಿಮ್ಮನೇಲಿ ಒಂದು ಹೆಣ್ಣೈತಂತೆ. ಕರ್ಕೊಂಡ್ ಹೋಗುಮಾ ಅಂತ ಬಂದೊ."

"ಹುಡುಗುಂಗೆ ಮನೆ ಐತಾ?"

"ಬೆಟ್ಟನೇ ಐತೆ."

"ಬೆಟ್ಟದಲ್ಲಿ ಗ್ಯಾಸ್ ಬತ್ತದಾ? ನೀರಿನ ನಲ್ಲಿ?"

"ನೀರು ತಲೆ ಮ್ಯಾಲೇ ಐತಲ್ಲವ್ವ, ಗಂಗೆ!"

"ಓಹೋ, ಅದನ್ನೂ ನೀವೇ ಒಪ್ಕೊಂಡ್ರಿ. ಒಬ್ಳು ತಲೆ ಮ್ಯಾಲವ್ಳೆ. ನಮ್ ಹೆಣ್ಣು ಎಲ್ಲಿ ಕೂರ್ಬೇಕು?"

ಜನ ಹೋ ಅಂತ ನಕ್ಕರು. ರಾಮಲಿಂಗಯ್ಯ ಶಲ್ಯದಿಂದ ಬೆವರು ಒರೆಸಿಕೊಂಡರು. ಮಾರಕ್ಕ ಹಿಂದಿನಿಂದ, "ಮೈಯಲ್ ಅರ್ಧ ಬರ್ದ್ ಕೊಡ್ತಾನೆ ಕಣವ್ವ ನಮ್ ಹುಡುಗ! ನಿಮ್ ಕಡೆ ಯಾವನ್ ಕೊಟ್ಟವ್ನೆ ಯೋಳು!" ಅಂತ ಕೂಗಿದರು. ಅದು ಒಳ್ಳೆಯ ಉತ್ತರವಾಗಿತ್ತು. ಅತ್ತಿಗೆ ಒಂದು ಕೈ ತೆಗೆದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಸರಿ, ಒಪ್ಕೊಂಡೊ. ಈಗ ಕರೀರಿ. ಚೆನ್ನಾಗ್ ಕರೀರಿ."

"ಹೆಣ್ಣ ಕಳಿಸ್ಕೊಡವ್ವ."

"ಇದೇನ್ ಕರೆಯೋದು? ಸೊಸೈಟೀಲಿ ಅಕ್ಕಿ ಕೇಳ್ದಂಗೈತೆ."

"ಮಹಾತಾಯಿ, ಬಾರಮ್ಮ, ನಮ್ಮನೆ ಬೆಳಗಮ್ಮ."

"ಇದು ನಾಟಕದಂಗಾಯ್ತು. ನಮ್ ಹೆಣ್ಣು ತವರಲ್ಲಿ ನೆಮ್ಮದಿಯಾಗವ್ಳೆ. ಮಾತಾಡ್ಸೋರವ್ರೆ. ಆ ಬೆಟ್ಟದ ತುದೀಲಿ ಕಣ್ಮುಚ್ಕೊಂಡು ತಪಸ್ಸಿಗ್ ಕೂತ್ಕೊಳ್ಳೋ ಗಂಡನ ಮನೀಗೆ ಯಾಕ್ ಬರ್ಬೇಕು? ಅದನ್ ಯೋಳಿ."

ಈ ಸಲ ನಗು ಅಷ್ಟು ಬರಲಿಲ್ಲ. ಅಡ್ಡೆ ಹೊತ್ತವರು ಹೆಗಲು ಬದಲಾಯಿಸಿದರು. ಎಷ್ಟೋ ಕಣ್ಣುಗಳು ನೀಲಿ ಷರಟಿನ ಕಡೆ ತಿರುಗಿದವು. ಅಣ್ಣನ ಕಿವಿ ಕೆಂಪಾಗಿದ್ದದ್ದು ನನಗೆ ಒಳಗಿನಿಂದ ಕಾಣುತ್ತಿತ್ತು.

"ಕರೆಯೋಕೆ ಬಂದೋರ್ನ ಬಿಸ್ಲಲ್ಲಿ ನಿಲ್ಸ್ಕೊಂಡು ಇದ್ಯಾವ್ ನ್ಯಾಯ?" ಅಂದ ಅಣ್ಣ. "ಬಂದವ್ರಲ್ಲ, ಇನ್ನೇನ್ ಮಾಡ್ಬೇಕು? ಗಂಡಿಗೂ ಕೆಲ್ಸ ಕಾರ್ಯ ಇರಾಕಿಲ್ವಾ?"

ವಾಲಗದವನು ಬಾಯಿಂದ ವಾಲಗ ತೆಗೆದ.

"ಕೆಲ್ಸ ಇದ್ರೆ ಕೆಲ್ಸನೇ ಕಟ್ಕೊಬೇಕಾಗಿತ್ತು," ಅಂದಳು ಅತ್ತಿಗೆ, ತಿರುಗಿ ನೋಡದೆ.

ಆಗ ಮಾರಕ್ಕ ಕೋಲು ಮೇಲೆತ್ತಿದರು. "ಅಯ್ಯಯ್ಯೋ, ಕೇಳುದ್ರಾ! ಹೆಣ್ಣಿನ ಅಣ್ಣನೇ ನಮ್ ಕಡೆ ಬಂದ್ಬುಟ್ಟ! ಹಿಡ್ಕೊಳ್ರಲಾ!"

ಅಣ್ಣನಿಗೆ ಆಗ ಹೊಳೆಯಿತು. "ಇಲ್ಲ ಇಲ್ಲ, ನಾನ್ ಹಂಗಲ್ಲ ಯೋಳಿದ್ದು," ಅಂತ ಕಂಬ ಹಿಡಿದುಕೊಂಡ. ಮೇಲಿನ ಬೀದಿಯ ಹುಡುಗರು ಜಗಲಿಯಿಂದ ಅವನನ್ನು ಅನಾಮತ್ತಾಗಿ ಎತ್ತಿ ಅಂಗಳಕ್ಕಿಳಿಸಿದರು. ರಾಮಲಿಂಗಯ್ಯ ತಮ್ಮ ಶಲ್ಯವನ್ನೇ ತೆಗೆದು ಅವನ ಹೆಗಲಿಗೆ ಹಾಕಿದರು. "ವರದಕ್ಷಿಣೆ ಬ್ಯಾಡ ಅಂದಿದ್ದೊ. ಆಳೇ ಸಿಕ್ಬುಟ್ಟ!" ಅಪ್ಪ ಧಾರೆಯ ಪಂಚೆಯುಟ್ಟು ಬಾಗಿಲ ಹಿಂದೆ ನಿಂತಿದ್ದವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಪ್ಪ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಅತ್ತಿಗೆ ಮಾತ್ರ ನಗಲಿಲ್ಲ. ಬಾಗಿಲಿನಿಂದ ಕೈ ತೆಗೆದು, ಒಳಗೆ ಬಂದು, ಗಿರಿಜಮ್ಮನನ್ನು ಎತ್ತಿಕೊಳ್ಳುವಾಗ ಅವಳು ಕೆಳತುಟಿ ಕಚ್ಚಿಕೊಂಡಿದ್ದಳು. ನಗು ತಡೆದದ್ದೋ ಅಳು ತಡೆದದ್ದೋ ನನಗೆ ಹೇಳಲಾಗಲಿಲ್ಲ.

ಗುಡಿಯ ಮುಂದೆ ಧಾರೆಯಾಯಿತು. ಅಪ್ಪ ಅವ್ವ ಇಬ್ಬರೂ ಕೈ ಕೂಡಿಸಿ ನೀರು ಬಿಟ್ಟರು. ಅವ್ವನ ಕೈಗೆ ಅಪ್ಪ ಇನ್ನೊಂದು ಕೈಯಿಂದ ಕೆಳಗೆ ಆಸರೆ ಕೊಟ್ಟ. ಅಕ್ಷತೆ ಬಿದ್ದಾಗ ಅಣ್ಣ ಆ ಕಡೆಯ ಹಳದಿ ಶಲ್ಯಗಳ ನಡುವೆ, ಅತ್ತಿಗೆ ಈ ಕಡೆ. ಅವರಿಬ್ಬರ ಮಧ್ಯೆ ಮದುಮಕ್ಕಳು. ಅಣ್ಣ ಎಸೆದ ಅಕ್ಷತೆ ದೇವರನ್ನು ದಾಟಿ ಅತ್ತಿಗೆಯ ತಲೆಯ ಮೇಲೆ ಬಿತ್ತು. ಅವನ ಗುರಿ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಅವಳು ಅದನ್ನು ಕೊಡವಲಿಲ್ಲ.

ಊಟಕ್ಕೆ ಬೀಗರ ಪಂಕ್ತಿ ಮೊದಲು. ನಾವು ಹೆಣ್ಣಿನ ಕಡೆಯವರು ಬಡಿಸಬೇಕು. ಅಣ್ಣ ರಾಮಲಿಂಗಯ್ಯನವರ ಪಕ್ಕದಲ್ಲಿ ತಲೆ ಬಗ್ಗಿಸಿ ಕೂತಿದ್ದ. ಅತ್ತಿಗೆ ಪಲ್ಯದ ಬಕೆಟ್ಟು ಹಿಡಿದು ಬಂದಳು. ರಾಮಲಿಂಗಯ್ಯನವರಿಗೆ ಕುಂಬಳಕಾಯಿ ಪಲ್ಯ ಬಡಿಸಿದಳು, ಅಣ್ಣನ ಎಲೆ ದಾಟಿ ಮುಂದಿನವರಿಗೆ ಬಡಿಸಿದಳು. ಮಾರಕ್ಕ, "ನೋಡ್ರವ್ವ, ಹೊಸ ಬೀಗಂಗೆ ಪಲ್ಯನೇ ಇಲ್ಲ, ಎಷ್ಟ್ ಕ್ವಾಪ!" ಅಂದರು. ಕೋಪವಲ್ಲ. ಅಣ್ಣ ಕುಂಬಳಕಾಯಿ ಮುಟ್ಟುವುದಿಲ್ಲ. ಪಾಯಸ ತಂದಾಗ, "ಬೀಗ್ರಿಗೆ ಇನ್ನೊಸಿ?" ಅಂತ ಗುರುತಿಲ್ಲದವರನ್ನು ಕೇಳುವ ಹಾಗೆ ಕೇಳಿದಳು. ಅಣ್ಣ ಸಾಕು ಅಂತ ಕೈ ಅಡ್ಡ ಹಿಡಿದ. ಅವನು ಕೈ ತೆಗೆಯುವ ತನಕ ಅವಳು ಸೌಟು ಹಿಡಿದು ನಿಂತೇ ಇದ್ದಳು.

ಊಟವಾದ ಮೇಲೆ ಮಡಿಲು ತುಂಬುವುದು. ಅಕ್ಕಿ, ಬೆಲ್ಲ, ಕೊಬ್ಬರಿ, ವೀಳ್ಯದೆಲೆ. ಅತ್ತಿಗೆ ಬೊಗಸೆಯಲ್ಲಿ ಅಕ್ಕಿ ತೆಗೆದು ಗಿರಿಜಮ್ಮನ ಸೆರಗಿಗೆ ಹಾಕುತ್ತಾ, "ಹೋದ ಮನೆ ಬೆಳಗು, ತವರ ಮರೀಬೇಡ," ಅಂತ ಎಲ್ಲರೂ ಹೇಳುವುದನ್ನೇ ಹೇಳಿದಳು. ಆಮೇಲೆ ಇನ್ನೂ ಬಗ್ಗಿ, ನನಗೊಬ್ಬಳಿಗೆ ಕೇಳುವಷ್ಟು ಮೆಲ್ಲಗೆ, "ಅವ್ನು ಮಾತಾಡ್ಸಾಕಿಲ್ಲ ಅಂತ ನೀನೂ ಬಾಯ್ ಹೊಲ್ಕೊಂಡ್ ಕೂರ್ಬೇಡ ತಾಯಿ," ಅಂದಳು. ಕಣ್ಣಿಂದ ನೀರು ಅಕ್ಕಿಯ ಮೇಲೆ ಬಿತ್ತು. ಹೆಣ್ಣು ಕಳಿಸುವಾಗ ಅತ್ತಿಗೆ ಅಳಬೇಕು ಅಂತ ಶಾಸ್ತ್ರವಿದೆ. ಕೆಳಗಿನ ಬೀದಿಯ ಹೆಂಗಸರು, ಚೆನ್ನಾಗಿ ಅತ್ತಳು ಅಂತ ಮೆಚ್ಚಿಕೊಂಡರು.

ಸಂಜೆ ಬೀಗರು ತಾಂಬೂಲಕ್ಕೆ ಬಂದು ನಮ್ಮ ಅಂಗಳದಲ್ಲಿ ಸಾಲಾಗಿ ನಿಂತರು. ಅತ್ತಿಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊಸಲಿನೊಳಗೆ ನಿಂತು ಕರೆಯತೊಡಗಿದಳು. "ರಾಮಲಿಂಗಯ್ಯ ಮಾವ, ಒಳೀಕ್ ಬನ್ನಿ. ಮಾರಕ್ಕಜ್ಜಿ, ಬನ್ನಿ, ಮೆಟ್ಲು ನೋಡ್ಕೊಂಡು." ಒಬ್ಬೊಬ್ಬರೂ ಬಲಗಾಲಿಟ್ಟು ಒಳಗೆ ಬಂದರು. ಕಡೆಗೆ ಅಂಗಳದಲ್ಲಿ ಅಣ್ಣನೊಬ್ಬನೇ ಉಳಿದ. ಅತ್ತಿಗೆ ಅವನನ್ನು ನೋಡಿದಳು. ಬಾಯಿ ಸ್ವಲ್ಪ ತೆರೆದಳು. ಆಮೇಲೆ ತಟ್ಟೆ ತೆಗೆದುಕೊಂಡು ಒಳಗೆ ಹೋದಳು.

"ಒಬ್ಬ ಬೀಗ ಹೊರ್ಗೇ ಉಳ್ಕಂಡವ್ನಲ್ಲವ್ವ," ಅಂದರು ಮಾರಕ್ಕ, ಎಲೆಗೆ ಸುಣ್ಣ ಸವರುತ್ತಾ.

"ಬಸ್ಸಿಗ್ ಬತ್ತಾರೆ ಬುಡಿ."

ಮಾರಕ್ಕನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತು. ಅವ್ವ ಹೊರಗೆ ಹೋಗಿ, "ಸಾಕು ಬಾರ್ಲಾ ಮನೋಹರ, ಯಾರಿಗೋಸ್ಕರ ಈ ಆಟ," ಅಂದಳು. "ಕಟ್ಳೆ ಕಣವ್ವ. ನೀನ್ ಕರುದ್ರೆ ಆಯ್ತದಾ? ಸೊಸೆ ಕರೀಬೇಕು," ಅಂದ ಅವನು, ಜಗಲಿಯ ಕೆಳಗಿನ ಕಲ್ಲಿನ ಮೇಲೆ ಕೂತುಕೊಂಡು. ಹಠ ಬಂದರೆ ಅವನು ಅಪ್ಪನ ಮಗ. ಬೀಗರು ತಾಂಬೂಲ ತೆಗೆದುಕೊಂಡು ಹೊರಟರು. ರಾಮಲಿಂಗಯ್ಯ ಅವನ ಬೆನ್ನು ತಟ್ಟಿ, "ಮಂಟಪದಲ್ಲಿ ಜಾಗ ಐತೆ ಕಣ್ಲಾ. ದಾಸಪ್ಪನ ಕಲ್ಲೂ ಐತೆ," ಅಂದು ಹೋದರು.

ನಾನು ದೀಪ ಹಚ್ಚುವಾಗ ಓವೈಸನ ಆಟೋ ಬಂತು. ಅತ್ತಿಗೆ ಒಳಗಿಂದ ಚೀಲ ತಂದಳು. ಅವ್ವನ ಕಾಲಿಗೆ ನಮಸ್ಕಾರ ಮಾಡಿದಳು. ಅವ್ವ ತಲೆಯ ಮೇಲೆ ಕೈಯಿಟ್ಟಳು. ಅಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ, ಕೈಯಲ್ಲಿ ಹುಲ್ಲಿನ ಕಂತೆ ಹಾಗೇ ಇತ್ತು. ನನ್ನ ಕೆನ್ನೆ ಮುಟ್ಟಿ, "ಫೋನ್ ಮಾಡೇ ಮೂಕಿ," ಅಂದಳು ಅತ್ತಿಗೆ. ಹೊಸಲಿನ ಒಳಗೆ ನಿಂತು ಚಪ್ಪಲಿ ನೋಡಿದಳು. ಚಪ್ಪಲಿ ಅಣ್ಣ ಕೂತಿದ್ದ ಕಲ್ಲಿನ ಪಕ್ಕದಲ್ಲಿತ್ತು.

ಅಣ್ಣ ಎದ್ದ. ಚಪ್ಪಲಿಯನ್ನು ಕೈಯಲ್ಲಿ ತೆಗೆದುಕೊಂಡ. ಕೊಡಲಿಲ್ಲ.

"ಬಸ್ಸಲ್ಲಿ ಬ್ಯಾಡ. ಚನ್ನಪಟ್ಣದ ತನಕ ಬೈಕಲ್ಲಿ ನಾನೇ ಬಿಟ್ ಬತ್ತೀನಿ," ಅಂದ.

ಗೌರಿ ಹಬ್ಬ ಆದ ಮೇಲೆ ಅವನು ಅವಳ ಮುಖ ನೋಡಿ ಆಡಿದ ಮೊದಲನೆಯ ಮಾತು ಅದು.

"ಸರಿ, ನಡೀರಿ."

"ಕೀ ಒಳಗೈತೆ. ಗೂಡಲ್ಲಿ."

"ತಗಳ್ಳಿ ಮತ್ತೆ."

"ನೀನ್ ಕರೀದೆ ಹೆಂಗ್ ಒಳೀಕ್ ಬರ್ಲಿ?"

ಅತ್ತಿಗೆಯ ಕೈಯಲ್ಲಿದ್ದ ಚೀಲ ಸ್ವಲ್ಪ ಕೆಳಗಿಳಿಯಿತು. "ನನ್ನೂ ಯಾರೂ ಕರೀಲಿಲ್ವಲ್ಲ," ಅಂದಳು. ಈ ಸಲ ಅವಳ ದನಿ ಬೀದಿಗೆ ಕೇಳುವಂತಿರಲಿಲ್ಲ.

ಅಣ್ಣ ಕೈಯಲ್ಲಿದ್ದ ಚಪ್ಪಲಿ ನೋಡಿದ. ಅವ್ವ ನನ್ನನ್ನು ನೋಡಿದಳು. ಓವೈಸ ಆಕಾಶ ನೋಡುತ್ತಿದ್ದ. ಅಂಗಳದಲ್ಲಿ ಆಟೋದ ಇಂಜಿನ್ನು ಮಾತ್ರ ಗುಡುಗುಡು ಅನ್ನುತ್ತಿತ್ತು. ಕಳಸವನ್ನು ಕೆಳಗಿಟ್ಟು ಎಷ್ಟೋ ಹೊತ್ತಾಗಿತ್ತು, ಆದರೂ ಅವತ್ತು ಇಡೀ ದಿನ ನಾನು ಬಾಯಿ ಬಿಟ್ಟಿರಲಿಲ್ಲ. ನಾನು ಅತ್ತಿಗೆಯನ್ನು ದಾಟಿಕೊಂಡು ಹೊಸಲಿನ ಮೇಲೆ ಹೋಗಿ ನಿಂತೆ.

"ಅನ್ನ ಆರೋಯ್ತದೆ," ಅಂದೆ. "ಇಬ್ರೂ ಒಳೀಕ್ ಬನ್ನಿ."

ಅತ್ತಿಗೆ ಚೀಲ ಕೆಳಗಿಟ್ಟಳು, ಅಣ್ಣ ಚಪ್ಪಲಿಯನ್ನು ಕಲ್ಲಿನ ಪಕ್ಕದಲ್ಲೇ ಇಟ್ಟು ಬಲಗಾಲು ಮುಂದಿಟ್ಟ.